ಕಾಲುವೆಯ ಪಾಲು, ಆಕಾಶದ ಪಾಲು

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನಲ್ಲಿ, ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮೇಲೆ ಜವಳಗೇರಾ ಎಂಬ ಗ್ರಾಮವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡು ಭತ್ತ ಬೆಳೆಯುವ ಗದ್ದೆಗಳು ಒಂದು ಕಡೆ, ಮಸ್ಕಿ ಲಿಂಗಸುಗೂರುಗಳತ್ತ ಸಾಗಿದರೆ ಮಳೆಯನ್ನೇ ನಂಬಿದ ತೊಗರಿ, ಹತ್ತಿ, ಬಿಳಿಜೋಳಗಳ ಎರೆಹೊಲಗಳು ಇನ್ನೊಂದು ಕಡೆ, ಹೀಗೆ ಮನುಷ್ಯನ ಕೈ ಆಳವಾಗಿ ಊರಿದ ನೆಲವೂ ಆಕಾಶದ ಮರ್ಜಿಗೆ ಬಿಟ್ಟ ನೆಲವೂ ಅಕ್ಕಪಕ್ಕದಲ್ಲಿಯೇ ಇರುವ ಈ ಸೀಮೆಯು, ಪ್ರಕೃತಿಯಲ್ಲಿ ಕಂಡುಬರುವ ಕೇಡುಗಳಿಗೆ ಕಾರಣವನ್ನು ಅರಸಹೊರಟವನಿಗೆ ಕಠಿನವಾದ ಪರೀಕ್ಷೆಯ ಸ್ಥಳವಾಗಿದೆ.

ಇಲ್ಲಿಯ ಜನರ ದೂರುಗಳು ಹಲವು. ಮುಂಗಾರು ಹೊತ್ತಿಗೆ ಬಾರದು, ಬಂದರೆ ಒಮ್ಮೆಗೇ ಸುರಿದು ಹೋಗುವುದು. ಬೇಸಗೆಯ ರಾತ್ರಿಗಳು ತಣಿಯವು. ಗದ್ದೆಯ ಮೈಮೇಲೆ ಬಿಳಿಯ ಉಪ್ಪು ಏಳುವುದು. ಹತ್ತಿಯ ಕಾಯನ್ನು ಹುಳು ಕೊರೆಯುವುದು. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದು. ಇವನ್ನೆಲ್ಲ ಒಂದೇ ಕಟ್ಟಿನಲ್ಲಿ ಬಿಗಿದು, ವಾಯುಗುಣವು ಕೆಟ್ಟಿತು, ಅದನ್ನು ಕೆಡಿಸಿದವನು ಮನುಷ್ಯನು ಎಂದುಬಿಡುವುದು ಒಂದು ಉತ್ತರ. ಬರವೂ ನೆರೆಯೂ ಎಂದಿನಿಂದಲೂ ಇದ್ದುವು, ಇದರಲ್ಲಿ ಹೊಸತೇನೂ ಇಲ್ಲ ಎಂದುಬಿಡುವುದು ಇನ್ನೊಂದು. ಎರಡೂ ಸುಲಭವಾದ ಉತ್ತರಗಳೇ. ಎರಡರಿಂದಲೂ ಯಾರೋ ಒಬ್ಬರು ತಮ್ಮ ಹೊಣೆಯಿಂದ ಪಾರಾಗುತ್ತಾರೆ. ಮೊದಲನೆಯದರಿಂದ ಕಾಲುವೆಯನ್ನೂ ಕೃಷಿಯನ್ನೂ ನಡೆಸುವವರು ಪಾರಾದರೆ, ಎರಡನೆಯದರಿಂದ ಕಲ್ಲಿದ್ದಲನ್ನೂ ತೈಲವನ್ನೂ ಒಂದೂವರೆ ಶತಮಾನ ಸುಟ್ಟು ಸಂಪನ್ನವಾದ ರಾಷ್ಟ್ರಗಳು ಪಾರಾಗುತ್ತವೆ. ಕಂಡ ಪರಿಣಾಮದಲ್ಲಿ ಯಾವ ಕಾರಣದ ಪಾಲು ಎಷ್ಟು ಎಂದು ಬೇರ್ಪಡಿಸಿ ತೂಗುವ ಶಾಸ್ತ್ರವೊಂದು ಕಳೆದ ಐವತ್ತು ವರ್ಷಗಳಲ್ಲಿ ಬೆಳೆದುಬಂದಿದೆ; ಅದರ ಗತಿಯನ್ನೂ ಮಿತಿಯನ್ನೂ ಈ ಸೀಮೆಯ ನೆಲದ ಮೇಲೆ ನಿಂತು ಸಮೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ಎರಡು ಮೆಟ್ಟಿಲುಗಳು

ಈ ವಿಚಾರಣೆಗೆ ಎರಡು ಮೆಟ್ಟಿಲುಗಳುಂಟು. ವಾಯುಗುಣವು ತನ್ನ ಸಹಜವಾದ ಏರಿಳಿತವನ್ನು ಮೀರಿ ಬದಲಾಗಿದೆಯೆ ಎಂದು ಗುರುತಿಸುವುದು ಮೊದಲನೆಯದು; ಹಾಗೆ ಬದಲಾಗಿದ್ದಲ್ಲಿ ಆ ಬದಲಾವಣೆಗೆ ಯಾವುದು ಕಾರಣವೆಂದು ನಿರ್ಣಯಿಸುವುದು ಎರಡನೆಯದು. ಜರ್ಮನಿಯ ಕ್ಲಾಸ್ ಹಾಸೆಲ್‌ಮನ್ ಎಂಬ ವಿಜ್ಞಾನಿಯು 1979ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಕಾರ್ಯಕ್ಕೆ ಗಣಿತದ ಅಡಿಪಾಯವನ್ನು ಹಾಕಿದನು. ಸೂರ್ಯನ ಪ್ರಖರತೆ, ಜ್ವಾಲಾಮುಖಿಯ ಧೂಳು, ಹಸಿರುಮನೆ ಅನಿಲಗಳು ಇವುಗಳಲ್ಲಿ ಪ್ರತಿಯೊಂದು ಕಾರಣವೂ ಭೂಮಿಯ ಮೇಲೂ ವಾಯುಮಂಡಲದ ಸ್ತರಗಳಲ್ಲಿಯೂ ತನ್ನದೇ ಆದ ಬೆರಳಚ್ಚನ್ನು ಬಿಡುವುದೆಂದೂ, ಆ ಅಚ್ಚುಗಳನ್ನು ಮಾಪನಗಳೊಡನೆ ತಾಳೆನೋಡಿ ಕಾರಣವನ್ನು ಪತ್ತೆಹಚ್ಚಬಹುದೆಂದೂ ಅವನ ವಾದ. ಸೂರ್ಯನೇ ಹೆಚ್ಚು ಕಾಯುತ್ತಿದ್ದರೆ ವಾಯುಮಂಡಲದ ಕೆಳಸ್ತರದಂತೆ ಮೇಲುಸ್ತರವೂ ಬಿಸಿಯಾಗಬೇಕು. ಅನಿಲಗಳು ಕಾರಣವಾದರೆ ಕೆಳಗಣದು ಬಿಸಿಯಾಗಿ ಮೇಲಣದು ತಣ್ಣಗಾಗಬೇಕು. ಸ್ಯುಕುರೊ ಮನಾಬೆಯು ತನ್ನ ಸಹೋದ್ಯೋಗಿಯೊಡನೆ 1967ರಲ್ಲಿಯೇ ಹೀಗಾಗುವುದೆಂದು ಲೆಕ್ಕಹಾಕಿ ತೋರಿಸಿದ್ದನು. ಮುಂದಿನ ದಶಕಗಳ ಮಾಪನಗಳಲ್ಲಿ ಕಂಡುಬಂದುದೂ ಅದೇ. ಹಾಸೆಲ್‌ಮನ್ ಮನಾಬೆ ಇಬ್ಬರೂ 2021ರ ಭೌತವಿಜ್ಞಾನದ ನೊಬೆಲ್ ಪಾರಿತೋಷಿಕದಲ್ಲಿ ಪಾಲುಗೊಂಡರು.

ಮಸ್ಕಿಯ ಹೆಸರನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ದೊರೆತ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ ಕಾಣುತ್ತಿತ್ತು. ಆತನು ಮೌರ್ಯ ಅಶೋಕನೇ ಎಂಬುದನ್ನು ಸಿಂಹಳದ ಇತಿಹಾಸಗ್ರಂಥಗಳ ಆಧಾರದಿಂದ 1837ರ ಸುಮಾರಿಗೆ ವಿದ್ವಾಂಸರು ಅನುಮಾನ ಪ್ರಮಾಣದಿಂದ ಸಾಧಿಸಿದ್ದರು. ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು 1915ರಲ್ಲಿ ಮಸ್ಕಿಯ ಬಂಡೆಯ ಮೇಲಣ ಶಾಸನವನ್ನು ಕಂಡಾಗ, ಅದರಲ್ಲಿ ಅಶೋಕನ ಹೆಸರೇ ಕೊರೆದಿದ್ದುದರಿಂದ, ಎಂಟು ದಶಕಗಳ ಅನುಮಾನಕ್ಕೆ ಸಾಕ್ಷಾತ್ ಪ್ರಮಾಣ ಒದಗಿದಂತಾಯಿತು. ವಾಯುಗುಣದ ವಿಚಾರದಲ್ಲಿ ಅಂತಹ ಹೆಸರುಳ್ಳ ಶಾಸನವೊಂದು ಇಂಗಾಲದಲ್ಲಿಯೇ ಇದೆ. ಕೋಟ್ಯಂತರ ವರ್ಷ ನೆಲದಡಿಯಲ್ಲಿ ಹುದುಗಿದ್ದ ಕಲ್ಲಿದ್ದಲು ತೈಲಗಳಲ್ಲಿ ವಿಕಿರಣಶೀಲವಾದ ಇಂಗಾಲ-14 ಪೂರ್ಣವಾಗಿ ಕ್ಷಯಿಸಿರುತ್ತದೆ; ಅವನ್ನು ಸುಟ್ಟಾಗ ಹೊರಬರುವ ಅನಿಲವು ವಾಯುಮಂಡಲದ ಇಂಗಾಲ-14ರ ಪ್ರಮಾಣವನ್ನು ತೆಳುವಾಗಿಸುವುದೆಂದು ಹಾನ್ಸ್ ಸ್ಯೂಸ್ 1955ರಲ್ಲಿ ತೋರಿಸಿದನು. ಕೈಗಾರಿಕಾ ಯುಗಕ್ಕೆ ಮುಂಚೆ ವಾಯುವಿನ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಇದ್ದ ಇಂಗಾಲದ ಡೈ ಆಕ್ಸೈಡ್ 2019ರಲ್ಲಿ 410ಕ್ಕೆ ಏರಿದುದು ಯಾರಿಂದ ಎಂಬುದನ್ನು ಆ ಅನಿಲದ ಪರಮಾಣುಗಳೇ ಹೇಳುತ್ತವೆ.

ಅನಿಲವು ಮನುಷ್ಯನದೆಂಬುದು ಇಷ್ಟು ಸ್ಪಷ್ಟವಾದರೂ, ತಾಪದ ಏರಿಕೆಯು ಆ ಅನಿಲದ್ದೇ ಎಂದು ನಿಷ್ಕರ್ಷಿಸಲು ಶಾಸ್ತ್ರವು ಅವಸರಪಡಲಿಲ್ಲ. ವಾಯುಗುಣ ಬದಲಾವಣೆಯನ್ನು ಕುರಿತ ಅಂತರ ಸರ್ಕಾರಿ ಸಮಿತಿಯು 1995ರಲ್ಲಿ, ಸಾಕ್ಷ್ಯಗಳ ತೂಕವನ್ನು ನೋಡಿದರೆ ಮನುಷ್ಯನ ಪ್ರಭಾವವು ಗುರುತಿಸುವಷ್ಟಿದೆ ಎಂದಿತು. 2001ರಲ್ಲಿ ‘ಸಂಭಾವ್ಯ’ವೆಂದೂ, 2007ರಲ್ಲಿ ‘ಬಹಳ ಸಂಭಾವ್ಯ’ವೆಂದೂ, 2013ರಲ್ಲಿ ‘ಅತ್ಯಂತ ಸಂಭಾವ್ಯ’ವೆಂದೂ ಮೆಟ್ಟಿಲು ಮೆಟ್ಟಿಲಾಗಿ ಏರಿ, 2021ರಲ್ಲಿ ‘ನಿಸ್ಸಂದಿಗ್ಧ’ವೆಂಬ ಪದವನ್ನು ಬಳಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ತಾಪವು ಸುಮಾರು 1.1 ಡಿಗ್ರಿ ಹೆಚ್ಚಾಗಿತ್ತು; ಅದರಲ್ಲಿ ಪ್ರಕೃತಿಸಹಜವಾದ ಕಾರಣಗಳ ಪಾಲು ಶೂನ್ಯಕ್ಕೆ ಸಮೀಪವಾದುದು.

ತಾಪದಿಂದ ಪರಿಣಾಮಕ್ಕೆ

ಭೂಮಿಯು ಬಿಸಿಯಾಯಿತು, ಬಿಸಿಮಾಡಿದವನು ಮನುಷ್ಯನು ಎಂದು ಸಿದ್ಧಪಟ್ಟಮಾತ್ರಕ್ಕೆ, ಇಂತಹ ಹೊಲದ ಇಂತಹ ಬೆಳೆಯು ಅದರಿಂದಲೇ ನಷ್ಟವಾಯಿತೆಂದು ಸಿದ್ಧಪಡುವುದಿಲ್ಲ. ಅನಿಲದಿಂದ ತಾಪಕ್ಕೆ ಒಂದು ಕೊಂಡಿ, ತಾಪದಿಂದ ಮಳೆ ಗಾಳಿಗಳಿಗೆ ಮತ್ತೊಂದು, ಅವುಗಳಿಂದ ಪೈರು, ಪ್ರಾಣಿ, ನದಿ, ಜನಜೀವನಗಳಿಗೆ ಮಗುದೊಂದು. ಸರಪಣಿಯು ನೀಳವಾದಷ್ಟೂ ನಡುವೆ ಬಂದು ಸೇರುವ ಅನ್ಯಕಾರಣಗಳು ಹೆಚ್ಚುತ್ತವೆ. ನಮ್ಮ ನೈಯಾಯಿಕರು ಇದನ್ನು ಬಹು ಹಿಂದೆಯೇ ವಿವೇಚಿಸಿದ್ದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು; ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹಸಿಸೌದೆಯೆಂಬ ಉಪಾಧಿಯು ಕೂಡಿದಾಗ ಮಾತ್ರ ಬೆಂಕಿಯು ಹೊಗೆಯಾಡುತ್ತದೆ. ಕಾರಣವಿದ್ದಲ್ಲಿ ಕಾರ್ಯವಿದೆಯೆ ಎಂದು ನೋಡುವ ಅನ್ವಯವೂ, ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲವೆ ಎಂದು ನೋಡುವ ವ್ಯತಿರೇಕವೂ ಕೂಡಿದ ಹೊರತು ಸಂಬಂಧವು ದೃಢಪಡದು. ಅದಿಲ್ಲದ ಹೊಂದಾಣಿಕೆಯು ಕಾಕತಾಳೀಯವಷ್ಟೆ.

ಆಧುನಿಕ ಶಾಸ್ತ್ರದ ಮುಖ್ಯವಾದ ಕಷ್ಟವಿರುವುದು ವ್ಯತಿರೇಕದಲ್ಲಿ. ಅನಿಲಗಳನ್ನು ಕಾರದ ಇನ್ನೊಂದು ಭೂಮಿಯು ನಮಗೆ ಲಭ್ಯವಿಲ್ಲ. ಆದಕಾರಣ ಗಣಕಯಂತ್ರದೊಳಗೆ ಅಂತಹದೊಂದು ಭೂಮಿಯನ್ನು ಕಲ್ಪಿಸಿ, ಅಲ್ಲಿ ಏನಾಗುತ್ತಿತ್ತೆಂದು ಲೆಕ್ಕಹಾಕಿ, ಇಲ್ಲಿ ಆದುದರೊಡನೆ ಹೋಲಿಸುತ್ತಾರೆ. ಎರಡಕ್ಕೂ ಇರುವ ಅಂತರವೇ ವಾಯುಗುಣ ಬದಲಾವಣೆಯ ಪರಿಣಾಮ. ಬೆಳೆಯ ಇಳುವರಿಯು ಹಿಂದಿಗಿಂತ ಹೆಚ್ಚಾಗಿದ್ದರೂ, ವಾಯುಗುಣವು ಕೆಡದಿದ್ದರೆ ಇನ್ನೂ ಹೆಚ್ಚಾಗುತ್ತಿದ್ದಿತೆಂದು ಕಂಡುಬಂದಲ್ಲಿ, ಅದೂ ನಷ್ಟವೇ. ಭಾರತದ ಭತ್ತದ ಬೆಳೆಯನ್ನು ಕುರಿತು ಔಫ್‌ಹ್ಯಾಮರ್, ರಾಮನಾಥನ್, ವಿನ್ಸೆಂಟ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ: ಹಸಿರು ಕ್ರಾಂತಿಯ ತರುವಾಯ ಉತ್ಪನ್ನವು ಏರಿತು, ನಿಜ, ಆದರೆ ಹಸಿರುಮನೆ ಅನಿಲಗಳೂ, ಹೊಗೆಮಸಿಯ ಕಂದುಮೋಡವೂ ಇಲ್ಲದಿದ್ದಲ್ಲಿ ಅದು ಇನ್ನೂ ಏರುತ್ತಿತ್ತು.

ಇಂತಹ ಸಾಕ್ಷ್ಯಗಳನ್ನು ಜಗತ್ತಿನ ಮಟ್ಟದಲ್ಲಿ ಒಟ್ಟುಗೂಡಿಸುವ ಪ್ರಯತ್ನವು ಈ ಶತಮಾನದ ಮೊದಲ ದಶಕದಲ್ಲಿ ಪ್ರಬಲವಾಯಿತು. ಅಂತರ ಸರ್ಕಾರಿ ಸಮಿತಿಯ 2007ರ ವರದಿಯಲ್ಲಿ, ಹಿಮನದಿ, ಹೊಳೆ, ಹೂ ಬಿಡುವ ಕಾಲ, ಹಕ್ಕಿಗಳ ವಲಸೆ ಮೊದಲಾದವುಗಳ ಇಪ್ಪತ್ತೊಂಬತ್ತು ಸಾವಿರಕ್ಕೂ ಮಿಕ್ಕ ದಾಖಲೆಮಾಲೆಗಳನ್ನು ಪರಿಶೀಲಿಸಿ, ನೂರಕ್ಕೆ 89ಕ್ಕಿಂತಲೂ ಹೆಚ್ಚಿನವು ತಾಪದ ಏರಿಕೆಗೆ ಅನುಗುಣವಾದ ದಿಕ್ಕಿನಲ್ಲಿಯೇ ಬದಲಾಗಿವೆಯೆಂದು ತೋರಿಸಲಾಯಿತು. ಮರುವರ್ಷ ಸಿಂಥಿಯಾ ರೋಸನ್‌ಜ್ವೈಗ್ ಮತ್ತು ಸಂಗಡಿಗರು, ಈ ಬದಲಾವಣೆಗಳ ಹಿಂದೆ ಮನುಷ್ಯಕೃತ ತಾಪವೇ ಇರುವುದೆಂದು ಜೋಡಿಸಿ ವಾದಿಸಿದರು. ಆದರೆ ಅದೇ ಲೆಕ್ಕದ ಒಳಹೊಕ್ಕು ನೋಡಿದವರಿಗೆ ಬೇರೊಂದು ಸಂಗತಿಯು ಕಾಣುತ್ತದೆ. ಆ ಮಾಲೆಗಳಲ್ಲಿ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಐರೋಪ್ಯ ಖಂಡದವು. ಸಮಸ್ತ ಏಷ್ಯಾ ಖಂಡದವು 114, ಆಫ್ರಿಕದವು 7. ಕ್ಯಾಲಹನ್ ಮತ್ತು ಸಂಗಡಿಗರು 2021ರಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಸಂಶೋಧನ ಪ್ರಬಂಧಗಳನ್ನು ಯಂತ್ರದಿಂದ ಓದಿಸಿ, ಜಗತ್ತಿನ ಜನರಲ್ಲಿ ನೂರಕ್ಕೆ 85 ಮಂದಿ ಮನುಷ್ಯಕೃತ ಬದಲಾವಣೆಯು ತಟ್ಟಿದ ಪ್ರದೇಶಗಳಲ್ಲಿಯೇ ವಾಸಿಸುತ್ತಾರೆಂದು ಅಂದಾಜುಮಾಡಿದಾಗಲೂ, ಬಡದೇಶಗಳಲ್ಲಿ ಬದಲಾವಣೆಯು ಕಂಡಷ್ಟು ಅಧ್ಯಯನವು ಕಾಣದೆಂದು ಒಪ್ಪಿಕೊಳ್ಳಬೇಕಾಯಿತು. ಸಾಕ್ಷ್ಯವಿಲ್ಲವೆಂದರೆ ಕೇಡಿಲ್ಲವೆಂದಲ್ಲ, ಬರೆದಿಡುವವರಿಲ್ಲವೆಂದು ಮಾತ್ರ.

ಒಂದೊಂದು ಘಟನೆಯ ವಿಚಾರಣೆ

ದೀರ್ಘಕಾಲದ ಗತಿಯನ್ನು ಬಿಟ್ಟು, ಒಂದು ನೆರೆ, ಒಂದು ಉರಿಬೇಸಗೆ ಎಂಬಂತೆ ಬಿಡಿಘಟನೆಯ ಹೊಣೆಯನ್ನು ನಿರ್ಣಯಿಸಬಹುದೆ? ಥೇಮ್ಸ್ ನದಿಯ ನೆರೆಯು 2003ರ ಜನವರಿಯಲ್ಲಿ ಆಕ್ಸ್‌ಫರ್ಡಿನ ತನ್ನ ಮನೆಯ ಬಳಿಗೆ ಏರಿಬಂದುದನ್ನು ಕಂಡ ಮೈಲ್ಸ್ ಆ್ಯಲನ್ ಎಂಬ ವಿಜ್ಞಾನಿಯು ಈ ಪ್ರಶ್ನೆಯನ್ನು ಎತ್ತಿದನು. ಮರುವರ್ಷ ಅವನೂ ಪೀಟರ್ ಸ್ಟಾಟ್ ಮೊದಲಾದವರೂ ಕೂಡಿ, 2003ರ ಬೇಸಗೆಯಲ್ಲಿ ಯೂರೋಪಿನಲ್ಲಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡ ಉರಿಯ ಸಂಭವವನ್ನು ಮನುಷ್ಯನ ಪ್ರಭಾವವು ಎರಡರಷ್ಟಾದರೂ ಹೆಚ್ಚಿಸಿತ್ತೆಂದು ತೋರಿಸಿದರು. ಇದು ಆಯಿತೆ, ಇಲ್ಲವೆ ಎಂಬ ಉತ್ತರವಲ್ಲ. ಎಷ್ಟು ಪಟ್ಟು ಹೆಚ್ಚು ಸಂಭಾವ್ಯವಾಯಿತು ಎಂಬ ಉತ್ತರ.

ಭಾರತದ ಘಟನೆಗಳನ್ನು ಈ ಒರೆಗಲ್ಲಿಗೆ ಹಚ್ಚಿದಾಗ ದೊರೆತ ಉತ್ತರಗಳು ಒಂದೇ ಬಗೆಯವಲ್ಲ. ಶಾಸ್ತ್ರದ ಪ್ರಾಮಾಣಿಕತೆಗೆ ಅದೇ ಗುರುತು. ಚೆನ್ನೈಯಲ್ಲಿ 2015ರ ಡಿಸೆಂಬರ್ 1ರಂದು ಸುರಿದ ಮಹಾವೃಷ್ಟಿಯಲ್ಲಿ ಹಸಿರುಮನೆ ಅನಿಲಗಳ ಪಾಲನ್ನು ಸ್ಥಾಪಿಸಲು ಪರಿಶೀಲಕರಿಗೆ ಆಗಲಿಲ್ಲ. ಕೆರೆ ಜೌಗುಗಳನ್ನು ನುಂಗಿ ಬೆಳೆದ ನಗರದ ಪಾಲು ಮಾತ್ರ ಎಲ್ಲರ ಕಣ್ಣಿಗೂ ಕಂಡಿತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ತಾಪವು ದಾಖಲೆಯಾದಾಗಲೂ, ದೇಶದ ಅತ್ಯಧಿಕ ಹಗಲುತಾಪದಲ್ಲಿ ಸ್ಪಷ್ಟವಾದ ಏರಿಕೆಯು ಕಾಣದೆಂಬ ಅನಿರೀಕ್ಷಿತವಾದ ನಿರ್ಣಯವು ಹೊರಬಿದ್ದಿತು. ಅದಕ್ಕೆ ವಿರುದ್ಧವಾಗಿ, 2022ರ ಮಾರ್ಚ್ ಏಪ್ರಿಲ್ ತಿಂಗಳುಗಳ ಅಕಾಲದ ಉರಿಯು ಮನುಷ್ಯಕೃತ ಬದಲಾವಣೆಯಿಂದ ಸುಮಾರು ಮೂವತ್ತು ಪಟ್ಟು ಹೆಚ್ಚು ಸಂಭಾವ್ಯವಾಯಿತೆಂದೂ, 2024ರ ಜುಲೈಯಲ್ಲಿ ವಯನಾಡಿನ ಗುಡ್ಡವನ್ನು ಕುಸಿಯಿಸಿದ ಮಳೆಯು ಅದೇ ಕಾರಣದಿಂದ ನೂರಕ್ಕೆ ಹತ್ತರಷ್ಟು ಬಿರುಸಾಯಿತೆಂದೂ ಅಂತಾರಾಷ್ಟ್ರೀಯ ಪರಿಶೀಲಕ ತಂಡವು ಲೆಕ್ಕಹಾಕಿತು.

ನಮ್ಮ ಸೀಮೆಯು ಮರೆಯದಿರುವ ಘಟನೆಯೆಂದರೆ 2009ರದು. ಆ ವರ್ಷ ದೇಶದ ಮುಂಗಾರು ಮಳೆಯು ವಾಡಿಕೆಗಿಂತ ನೂರಕ್ಕೆ 22ರಷ್ಟು ಕಡಿಮೆಯಾಗಿ ಬರದ ಭೀತಿಯು ಹಬ್ಬಿದ್ದಾಗ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಯಿಂದ ಕೃಷ್ಣೆಯೂ ತುಂಗಭದ್ರೆಯೂ ಉಕ್ಕಿ, ಮಂತ್ರಾಲಯವೂ ಕರ್ನೂಲೂ ಮುಳುಗಿ, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮೃತರಾಗಿ, ನದೀತೀರದ ಗ್ರಾಮಗಳು ಸ್ಥಳಾಂತರಗೊಂಡುವು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲುದು. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 1950ರಿಂದ 2015ರೊಳಗೆ ಮಧ್ಯಭಾರತದಲ್ಲಿ ದಿನಕ್ಕೆ 150 ಮಿಲಿಮೀಟರು ಮೀರಿ ಸುರಿಯುವ ಮಳೆಗಳು ನೂರಕ್ಕೆ 75ರಷ್ಟು ಹೆಚ್ಚಿವೆ, ಒಟ್ಟು ಮುಂಗಾರು ಮಳೆಯಾದರೋ 1951ರಿಂದ 2015ರೊಳಗೆ ನೂರಕ್ಕೆ ಸುಮಾರು ಆರರಷ್ಟು ಇಳಿದಿದೆ. ಒಣವರ್ಷದ ಕೊನೆಯಲ್ಲಿ ಮಹಾಪೂರ ಎಂಬ ಮಾದರಿಯು ಈ ಗತಿಗೆ ಹೊಂದುವಂತಹುದೇ. ಆದರೆ ಹೊಂದುವುದು ಬೇರೆ, ಸಿದ್ಧವಾಗುವುದು ಬೇರೆ. ವರ್ಗಕ್ಕೆ ಸಲ್ಲುವ ಮಾತನ್ನು ಪರೀಕ್ಷೆಯಿಲ್ಲದೆ ವ್ಯಕ್ತಿಗೆ ಸಲ್ಲಿಸಲಾಗದು.

ಎಡದಂಡೆಯ ಸಾಕ್ಷ್ಯ

ಇಷ್ಟು ಪೀಠಿಕೆಯೊಡನೆ ಜವಳಗೇರಾದ ಸುತ್ತಣ ದೂರುಗಳನ್ನು ಒಂದೊಂದಾಗಿ ವಿಚಾರಿಸಬಹುದು. ಗದ್ದೆಯ ಮೇಲಣ ಬಿಳಿ ಉಪ್ಪನ್ನೇ ಮೊದಲು ಹಿಡಿಯೋಣ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯು 226 ಕಿಲೋಮೀಟರು ದೂರ ಸಾಗಿ ರಾಯಚೂರನ್ನು ಮುಟ್ಟಬೇಕಾಗಿತ್ತು. ಬರಪೀಡಿತವಾದ ಈ ಸೀಮೆಯ ಆದಷ್ಟು ಹೆಚ್ಚು ಎಕರೆಗಳಿಗೆ ಅಲ್ಪಸ್ವಲ್ಪವಾದರೂ ನೀರು ದೊರೆಯಲೆಂದು, ಜೋಳ, ಹತ್ತಿ, ಶೇಂಗಾಗಳಂತಹ ಮಿತನೀರಾವರಿ ಬೆಳೆಗಳಿಗೇ ಹೆಚ್ಚಿನ ಭೂಮಿಯನ್ನು ಗೊತ್ತುಪಡಿಸಿದ್ದರು. ನಡೆದುದು ಬೇರೆ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದ ಪರಿಶ್ರಮಿಗಳಾದ ಒಕ್ಕಲಿಗರು ಭತ್ತವನ್ನು ತಂದರು. ಸ್ಥಳೀಯರೂ ಲಾಭವನ್ನು ಕಂಡು ಅದನ್ನೇ ಹಿಡಿದರು. ನೀರನ್ನು ಬೇಗ ಇಂಗಿಸದ ಎರೆಮಣ್ಣಿನಲ್ಲಿ, ಬಸಿಗಾಲುವೆಗಳಿಲ್ಲದೆ, ವರ್ಷಕ್ಕೆರಡು ಸಲ ನೀರು ನಿಲ್ಲಿಸಿದುದರಿಂದ ಅಂತರ್ಜಲವು ಮೇಲೇರಿ, ನೆಲದಾಳದ ಲವಣವನ್ನು ಮೇಲಕ್ಕೆ ತಂದು, ಸಾವಿರಾರು ಎಕರೆಗಳು ಸವಳು ಜವಳಾದುವು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರವು ದಶಕಗಳಿಂದ ಈ ರೋಗದ ನಿದಾನ ಚಿಕಿತ್ಸೆಗಳಲ್ಲಿ ತೊಡಗಿದೆ. ಇಲ್ಲಿ ಆಕಾಶದ ಪಾಲು ಅತ್ಯಲ್ಪ. ಇದು ಕಾಲುವೆಯ ಪಾಲು. ಮನುಷ್ಯಕೃತವೇನೋ ಹೌದು, ಆದರೆ ಮನುಷ್ಯಕೃತವಾದುದೆಲ್ಲವೂ ವಾಯುಗುಣ ಬದಲಾವಣೆಯಲ್ಲ.

ಕೊನೆಭಾಗಕ್ಕೆ ನೀರು ತಲುಪದಿರುವ ದೂರು ಇದಕ್ಕಿಂತ ತೊಡಕಿನದು. ಪಶ್ಚಿಮ ಘಟ್ಟದಲ್ಲಿ ತುಂಗೆ ಭದ್ರೆಯರ ಜಲಾನಯನದ ಮಳೆಯು ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಒಂದು ಕಾರಣ. ಜಲಾಶಯದಲ್ಲಿ ಹೂಳು ತುಂಬಿ, ಮೂಲದಲ್ಲಿ ಸುಮಾರು 132 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯವು 105 ಟಿಎಂಸಿಯ ಸಮೀಪಕ್ಕೆ ಇಳಿದುದು ಎರಡನೆಯದು. ಮೇಲ್ಭಾಗದಲ್ಲಿ ಗೊತ್ತುಪಾಡನ್ನು ಮೀರಿ ಭತ್ತ ಬೆಳೆದು ನೀರನ್ನು ಹೀರಿಕೊಳ್ಳುವುದು ಮೂರನೆಯದು. ಇವುಗಳ ಜೊತೆಗೆ ಆಕಸ್ಮಿಕವೂ ಉಂಟು: 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಣಿಯು ಕಡಿದು ಗೇಟೇ ಕೊಚ್ಚಿಹೋಗಿ, ತುಂಬಿದ್ದ ಜಲಾಶಯದಿಂದ ನೀರು ವ್ಯರ್ಥವಾಗಿ ಹರಿದುಹೋಯಿತು. ಒಂದೇ ಕಾಲುವೆಯ ಕೊನೆಯಲ್ಲಿ ಒಣಗಿದ ಪೈರಿಗೆ ಮಳೆ, ಹೂಳು, ನೆರೆಯವನ ಗದ್ದೆ, ಕಬ್ಬಿಣದ ಸರಪಣಿ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಯಾವ ವರ್ಷ ಯಾವುದೆಂಬುದನ್ನು ಒಳಹರಿವಿನ, ಹೊರಹರಿವಿನ, ಬಿತ್ತನೆಯ ಲೆಕ್ಕಗಳು ಹೇಳಬೇಕೇ ಹೊರತು ನಮ್ಮ ಒಲವುಗಳಲ್ಲ. ಹತ್ತಿಯ ಕಥೆಯೂ ಹೀಗೆಯೇ: ಗುಲಾಬಿ ಕಾಯಿಕೊರಕದ ಹಾವಳಿಗೆ, ಆ ಹುಳುವು ಬಿಟಿ ಹತ್ತಿಯ ವಿಷಕ್ಕೆ ಒಗ್ಗಿಕೊಂಡುದು ಮುಖ್ಯವಾದ ಕಾರಣ, ತಾಪವು ಹುಳುವಿನ ಸಂತಾನಚಕ್ರವನ್ನು ತ್ವರೆಗೊಳಿಸಿದ್ದರೆ ಅದು ಒತ್ತಾಸೆಯ ಕಾರಣ.

ಇತಿಹಾಸವೂ ಇದೇ ಎಚ್ಚರಿಕೆಯನ್ನು ಕೊಡುತ್ತದೆ. ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ, ಮಹಾಕ್ಷಾಮದಲ್ಲಿ ನಿಜಾಮರ ಸಂಸ್ಥಾನದ ರಾಯಚೂರು ಲಿಂಗಸುಗೂರು ಜಿಲ್ಲೆಗಳು ಘೋರವಾಗಿ ನೊಂದುವು. ಲಿಂಗಸುಗೂರು ಆಗ ಬೇರೆಯೇ ಜಿಲ್ಲೆಯಾಗಿತ್ತು. ಅಂದಿನ ಅನಾವೃಷ್ಟಿಗೆ ಪೆಸಿಫಿಕ್ ಸಾಗರದಲ್ಲಿ ತಲೆದೋರಿದ ಪ್ರಬಲವಾದ ಎಲ್ ನಿನೊ ಕಾರಣವೆಂದು ಇಂದಿನ ಸಂಶೋಧಕರು ಸ್ಥಾಪಿಸಿದ್ದಾರೆ. ಅದು ಸಂಪೂರ್ಣವಾಗಿ ಪ್ರಕೃತಿಸಹಜ. ಆದರೆ ದೇಶವು ಹಸಿದಿರುವಾಗಲೂ ಧಾನ್ಯವನ್ನು ಹಡಗಿಗೇರಿಸಿದ, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯಕ್ಕೂ ಒಂದು ಆಣೆಗೂ ಇಳಿಸಿದ ಬ್ರಿಟಿಷ್ ಆಡಳಿತದ ನೀತಿಯು ಪ್ರಕೃತಿಸಹಜವಲ್ಲ. ಅನಾವೃಷ್ಟಿಯು ಆಕಾಶದಿಂದ ಬರುತ್ತದೆ. ಕ್ಷಾಮವು ಅದಕ್ಕೆ ಆಡಳಿತವೂ ಬಡತನವೂ ಕೂಡಿದಾಗ ಬರುತ್ತದೆ.

ಮರೆಯಾದ ತಾಪ

ಹಾಗಾದರೆ ಆಕಾಶದ ಪಾಲು ಏನೂ ಇಲ್ಲವೆ? ಉಂಟು; ಮಾತ್ರವಲ್ಲ, ಕಂಡುದಕ್ಕಿಂತ ಹೆಚ್ಚೇ ಇರುವ ಸಂಭವವುಂಟು. ಮೇಲೆ ಹೇಳಿದ 2020ರ ಸಮೀಕ್ಷೆಯಂತೆ 1901ರಿಂದ 2018ರೊಳಗೆ ಭಾರತದ ಸರಾಸರಿ ತಾಪವು ಸುಮಾರು 0.7 ಡಿಗ್ರಿ ಏರಿದೆ. ಜಗತ್ತಿನ ಇತರ ಭೂಭಾಗಗಳಿಗೆ ಹೋಲಿಸಿದರೆ ಇದು ಕಡಿಮೆ. ಕಡಿಮೆಯೇಕೆಂಬುದಕ್ಕೆ ಫಲೋದಿಯ ವಿಚಾರಣೆಯಲ್ಲಿಯೇ ಉತ್ತರದ ಸುಳಿವಿದೆ. ಸೌದೆ, ಕಲ್ಲಿದ್ದಲು, ಕೃಷಿತ್ಯಾಜ್ಯಗಳ ಹೊಗೆಯ ಸೂಕ್ಷ್ಮಕಣಗಳು ಸೂರ್ಯನ ಬೆಳಕನ್ನು ತಡೆಯುತ್ತವೆ. ನೀರಾವರಿಯ ನೆಲವು ಆವಿಯಾಗಿ ಹಗಲಿನ ಬಿಸಿಯನ್ನು ನುಂಗುತ್ತದೆ. ಈ ಎರಡು ಮರೆಗಳೂ ನಮ್ಮ ಜಿಲ್ಲೆಯಲ್ಲಿವೆ. ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತ, 1,720 ಮೆಗಾವಾಟುಗಳಿಗೆ ಬೆಳೆದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಭೂಮಿಯನ್ನು ಶತಮಾನಗಳ ಕಾಲ ಬಿಸಿಯಾಗಿರಿಸುವ ಅನಿಲವನ್ನೂ, ಕೆಲದಿನ ತಂಪುಮಾಡುವ ಕಣಗಳನ್ನೂ ಒಂದೇ ಚಿಮಣಿಯಿಂದ ಬಿಡುತ್ತದೆ; ಸಿಂಧನೂರಿನ ನೀರುನಿಂತ ಗದ್ದೆಗಳು ಹಗಲನ್ನು ತಣಿಸುತ್ತಲೇ, ಮೀಥೇನನ್ನು ಬಿಟ್ಟು ಭೂಮಿಯ ತಾಪಕ್ಕೆ ತಮ್ಮ ಕಿರುಪಾಲನ್ನು ಸಲ್ಲಿಸುತ್ತವೆ.

ತಂಪು ಕಂಡಿತೆಂದು ಹಿಗ್ಗುವಂತೆಯೂ ಇಲ್ಲ. ನೀರಾವರಿಯು ಥರ್ಮಾಮೀಟರಿನ ಅಂಕಿಯನ್ನು ಇಳಿಸಿದರೂ ಗಾಳಿಯ ತೇವವನ್ನು ಏರಿಸುತ್ತದೆ. ಬೆವರು ಆರದ ಸೆಕೆಯಲ್ಲಿ ನಾಟಿ ಮಾಡುವ ಕೂಲಿ ಹೆಂಗಸಿನ ದೇಹಕ್ಕೆ ಆಗುವ ಬಾಧೆಯು ಅಂಕಿಯಲ್ಲಿ ಕಾಣುವುದಕ್ಕಿಂತ ಹೆಚ್ಚು. ರಾತ್ರಿಯ ವೇಳೆ ಈ ಮರೆಗಳು ಅಷ್ಟಾಗಿ ಕೆಲಸಮಾಡವು. ಹಸಿರುಮನೆ ಅನಿಲದ ಬೆರಳಚ್ಚುಗಳಲ್ಲಿ ತಣಿಯದ ರಾತ್ರಿಯೂ ಒಂದು. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯ ಹೊಲಗಳಲ್ಲಿ 1979ರಿಂದ ಇಟ್ಟ ತಾಪದ ದಾಖಲೆಯನ್ನೂ ಇಳುವರಿಯ ಲೆಕ್ಕವನ್ನೂ ತಾಳೆನೋಡಿ, ರಾತ್ರಿಯ ಕನಿಷ್ಠ ತಾಪವು ಒಂದು ಡಿಗ್ರಿ ಏರಿದರೆ ಭತ್ತವು ನೂರಕ್ಕೆ ಸುಮಾರು ಹತ್ತರಷ್ಟು ಇಳಿಯುವುದೆಂದು 2004ರಲ್ಲಿ ತೋರಿಸಿದರು. ಭತ್ತದ ಹೂವು ಅರಳುವ ಹೊತ್ತಿನಲ್ಲಿ ತಾಪವು 35 ಡಿಗ್ರಿಯನ್ನು ಮೀರಿದರೆ ಕಾಳು ಜೊಳ್ಳಾಗುವುದೂ ಪ್ರಯೋಗಗಳಿಂದ ಸಿದ್ಧವಾದ ಸಂಗತಿ. ಎಂದಮೇಲೆ, ಸಿಂಧನೂರಿನ ಬೇಸಗೆ ಭತ್ತದ ವಿಷಯದಲ್ಲಿ ಆಕಾಶದ ಪಾಲನ್ನು ಹುಡುಕುವವರು ಉಪ್ಪಿನ ಕಡೆಗಲ್ಲ, ರಾತ್ರಿಯ ಕಡೆಗೆ ನೋಡಬೇಕು.

ಮನುಷ್ಯಜೀವದ ಮಟ್ಟಕ್ಕೆ ಇಳಿದಾಗ ಇನ್ನಷ್ಟು ಸಂಯಮವು ಬೇಕಾಗುತ್ತದೆ. ಮೂವತ್ತು ವರ್ಷಗಳಲ್ಲಿ ಭಾರತದ 59,300 ಆತ್ಮಹತ್ಯೆಗಳಿಗೆ ಏರಿದ ತಾಪವು ಕಾರಣವೆಂದು 2017ರಲ್ಲಿ ಅಮೆರಿಕದ ಸಂಶೋಧಕಿಯೊಬ್ಬಳು ಲೆಕ್ಕಹಾಕಿದಾಗ ಆ ಸಂಖ್ಯೆಯು ಪತ್ರಿಕೆಗಳ ತಲೆಬರಹವಾಯಿತು. ಸಂಖ್ಯಾಶಾಸ್ತ್ರಜ್ಞರು ಅದರ ವಿಧಾನವನ್ನು ಆಕ್ಷೇಪಿಸಿದುದು ತಲೆಬರಹವಾಗಲಿಲ್ಲ. ಸಾಲ, ಬೆಲೆಕುಸಿತ, ಬೀಜದ ಮೋಸ, ಬತ್ತಿದ ಬೋರುಬಾವಿ ಇವುಗಳ ಉಪಾಧಿಗಳನ್ನು ಕಳೆಯದೆ ತಾಪದ ತಲೆಯ ಮೇಲೆ ಎಲ್ಲವನ್ನೂ ಹೊರಿಸಿದರೆ, ಸತ್ತವನಿಗೂ ನ್ಯಾಯವಿಲ್ಲ, ಶಾಸ್ತ್ರಕ್ಕೂ ಗೌರವವಿಲ್ಲ.

ಮೂರು ಪ್ರಶ್ನೆ, ಮೂರು ಪ್ರಮಾಣ

ಇಷ್ಟೊಂದು ಕಷ್ಟಪಟ್ಟು ಪಾಲು ಹಂಚುವುದರಿಂದ ಫಲವೇನೆಂದು ಕೇಳಬಹುದು. ಫಲವು ಪ್ರಶ್ನೆಯನ್ನು ಅವಲಂಬಿಸಿದೆ. ಒಂದೊಂದು ಪ್ರಶ್ನೆಗೆ ಒಂದೊಂದು ತೂಕದ ಪ್ರಮಾಣವು ಸಾಕು.

ಮೊದಲನೆಯದು ಪರಿಹಾರದ ಪ್ರಶ್ನೆ. ಬೆಳೆ ಒಣಗಿದ ರೈತನಿಗೆ ನೆರವು ಸಲ್ಲಬೇಕಾದರೆ, ಅನಾವೃಷ್ಟಿಯು ಎಲ್ ನಿನೊವಿನದೆ, ಅನಿಲದ್ದೆ ಎಂಬ ವಿಚಾರವೇ ಅನಾವಶ್ಯಕ. ಕರ್ನಾಟಕವು 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿ, ಕೇಂದ್ರದಿಂದ ಸುಮಾರು 18,171 ಕೋಟಿ ರೂಪಾಯಿಗಳನ್ನು ಬೇಡಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ, 2024ರ ಏಪ್ರಿಲಿನಲ್ಲಿ ಸುಮಾರು 3,454 ಕೋಟಿಯನ್ನು ಪಡೆಯಿತು. ಆ ವ್ಯಾಜ್ಯದಲ್ಲಿ ಬೇಕಾದುದು ಮಳೆಯ ಕೊರತೆಯ ಲೆಕ್ಕ, ಕೊರತೆಯ ಕಾರಣವಲ್ಲ. ಎರಡನೆಯದು ಹೊಂದಾಣಿಕೆಯ ಪ್ರಶ್ನೆ. ಯಾವ ತಳಿಯನ್ನು ಬಿತ್ತಬೇಕು, ಕೂಲಿಯ ವೇಳೆಯನ್ನು ಹೇಗೆ ಬದಲಾಯಿಸಬೇಕು, ಬಸಿಗಾಲುವೆ ಮೊದಲೋ ಉಷ್ಣಸಹಿಷ್ಣು ಬೀಜ ಮೊದಲೋ ಎಂಬುದಕ್ಕೆ ಗತಿಯ ಜ್ಞಾನವೂ ಪಾಲಿನ ಸ್ಥೂಲವಾದ ಅಂದಾಜೂ ಬೇಕು. ಉಪ್ಪಿನಿಂದ ಸತ್ತ ಗದ್ದೆಗೆ ತಾಪವನ್ನು ತಾಳುವ ತಳಿಯನ್ನು ಕೊಟ್ಟರೆ ಹಣವೂ ವರ್ಷವೂ ಹೋಗುವುವು.

ಮೂರನೆಯದು ಹೊಣೆಯ ಪ್ರಶ್ನೆ. ಕಟ್ಟುನಿಟ್ಟಾದ ಕಾರಣ ನಿರ್ಣಯವು ಬೇಕಾಗುವುದು ಇಲ್ಲಿಯೇ. ಕೈಗಾರಿಕಾ ಯುಗದಿಂದೀಚೆಗೆ ಜಗತ್ತು ಬಿಟ್ಟ ಅನಿಲದಲ್ಲಿ ಭಾರತದ ಪಾಲು ನೂರಕ್ಕೆ ಸುಮಾರು ನಾಲ್ಕು. ನಷ್ಟ ಹಾನಿಗಳ ನಿಧಿಯೊಂದನ್ನು ಸ್ಥಾಪಿಸಲು 2022ರಲ್ಲಿ ಈಜಿಪ್ಟಿನ ಸಮ್ಮೇಳನದಲ್ಲಿ ರಾಷ್ಟ್ರಗಳು ಸಮ್ಮತಿಸಿದುವು. ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್ 21ರ ತೀರ್ಪಿನಲ್ಲಿ, ವಾಯುಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಲ್ಲಿ ಕಂಡಿತು. ಅಂತಾರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರ ಅಭಿಪ್ರಾಯದಲ್ಲಿ ರಾಷ್ಟ್ರಗಳಿಗೆ ಈ ವಿಷಯದಲ್ಲಿ ಕಾನೂನಿನ ಹೊಣೆಯುಂಟೆಂದು ಹೇಳಿ, ನಷ್ಟವನ್ನು ತುಂಬಿಸಿಕೊಳ್ಳಬೇಕಾದರೆ ತಪ್ಪಿಗೂ ಹಾನಿಗೂ ನಡುವೆ ಸಾಕಷ್ಟು ನೇರವೂ ನಿಶ್ಚಿತವೂ ಆದ ಕಾರಣಸಂಬಂಧವನ್ನು ತೋರಿಸಬೇಕೆಂದಿತು. ಬಾಗಿಲು ತೆರೆದಿದೆ, ಒಳಹೋಗಲು ಸಾಕ್ಷ್ಯವು ಬೇಕು.

ಆ ಸಾಕ್ಷ್ಯವು ದೂರದ ಪರದೇಶಗಳಲ್ಲಿ ಹುಟ್ಟಲಾರದು. ಬರವನ್ನು ಗಮನಿಸುವ ಘಟಕವನ್ನು 1988ರಲ್ಲಿಯೇ ತೆರೆದು, ಈಗ ಗ್ರಾಮ ಪಂಚಾಯಿತಿಯ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿರುವ ಕೀರ್ತಿಯು ಕರ್ನಾಟಕಕ್ಕೆ ಸಲ್ಲುತ್ತದೆ. ಆದರೆ ಮಳೆಯೊಂದರ ಲೆಕ್ಕದಿಂದ ಪಾಲು ಹೊರಡದು. ಅದೇ ಗ್ರಾಮದ ರಾತ್ರಿಯ ತಾಪ, ಗಾಳಿಯ ತೇವ, ಅಂತರ್ಜಲದ ಮಟ್ಟ, ಮಣ್ಣಿನ ಲವಣ, ಕಾಲುವೆಯ ಸರದಿ, ಬಿತ್ತಿದ ತಳಿ, ಹೂ ಬಿಟ್ಟ ದಿನ, ಹುಳು ಕಂಡ ವಾರ, ಎಕರೆಯ ಇಳುವರಿ ಇವೆಲ್ಲವನ್ನೂ ಒಂದೇ ಸ್ಥಳದಲ್ಲಿ, ಒಂದೇ ಕ್ರಮದಲ್ಲಿ, ಮೂವತ್ತು ನಾಲ್ವತ್ತು ವರ್ಷ ಬಿಡದೆ ಬರೆದಿಟ್ಟಲ್ಲಿ ಮಾತ್ರ ಒಂದೊಂದು ಉಪಾಧಿಯನ್ನೂ ಕಳೆದು ನೋಡಲು ಸಾಧ್ಯ. ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಬೀಜೋತ್ಪಾದನ ಕ್ಷೇತ್ರವಿದೆ. ಗಂಗಾವತಿಯಲ್ಲಿ ಸಂಶೋಧನ ಕೇಂದ್ರವೂ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಇವೆ. ಮಸ್ಕಿ ಲಿಂಗಸುಗೂರುಗಳ ಮಳೆಯಾಶ್ರಯದ ಹೊಲಗಳು, ಕಾಲುವೆಯಿಲ್ಲದಲ್ಲಿ ಏನಾಗುವುದೆಂಬ ವ್ಯತಿರೇಕವನ್ನು ಪಕ್ಕದಲ್ಲಿಯೇ ಒದಗಿಸುತ್ತವೆ. ಯಂತ್ರದೊಳಗೆ ಕಲ್ಪಿಸಿಕೊಳ್ಳಬೇಕಾದ ಹೋಲಿಕೆಯ ಅರ್ಧಭಾಗವು ಈ ಸೀಮೆಯಲ್ಲಿ ನೆಲದ ಮೇಲೆಯೇ ಇದೆ. ಅದನ್ನು ಬಳಸಿಕೊಂಡು, ಕಾಲುವೆಯ ತಪ್ಪನ್ನು ಕಾಲುವೆಯ ಲೆಕ್ಕಕ್ಕೂ ಆಕಾಶದ ತಪ್ಪನ್ನು ಆಕಾಶವನ್ನು ಕೆಡಿಸಿದವರ ಲೆಕ್ಕಕ್ಕೂ ಬರೆಯಬಲ್ಲೆವಾದರೆ, ನೀರಾವರಿ ಇಲಾಖೆಯೊಡನೆ ಕೇಳತಕ್ಕುದನ್ನು ಅಲ್ಲಿಯೂ, ಸಂಪನ್ನ ರಾಷ್ಟ್ರಗಳೊಡನೆ ಕೇಳತಕ್ಕುದನ್ನು ಅಲ್ಲಿಯೂ ತಲೆಯೆತ್ತಿ ಕೇಳಬಹುದು. ಎರಡನ್ನೂ ಕಲಸಿ ಕೇಳಿದರೆ ಎರಡು ಕಡೆಯೂ ಬರಿಗೈ.